ಚೀಲದೊಳಗಿನ ಎರಡು ಕಲ್ಲು

ಕಲಬುರಗಿಯ ಗಂಜಿನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ಒಂದು ಅಡತ್ (ದಲ್ಲಾಳಿ) ಅಂಗಡಿಯ ಲೆಕ್ಕ ಬರೆಯುವ ಮುನೀಮನಾಗಿ ನಾನು ಹದಿನಾಲ್ಕು ವರ್ಷ ಕಳೆದಿದ್ದೇನೆ. ಡಿಸೆಂಬರ್ ಕೊನೆಯಿಂದ ಫೆಬ್ರುವರಿಯವರೆಗೆ ತೊಗರಿಯ ಹಂಗಾಮು; ಜೇವರ್ಗಿ, ಆಳಂದ, ಅಫಜಲಪುರ, ಚಿತ್ತಾಪುರದ ಕಡೆಯಿಂದ ಟ್ರ್ಯಾಕ್ಟರು, ಟಂಟಂಗಳಲ್ಲಿ ಮಾಲು ಬಂದು ಬೀಳುವ ಆ ದಿನಗಳಲ್ಲಿ ನನ್ನ ಕೆಲಸ ತೂಕ ಬರೆದುಕೊಳ್ಳುವುದು, ಮಾರಾಟದ ಲೆಕ್ಕದ ಪಟ್ಟಿ ಮಾಡುವುದು, ರೈತನಿಗೆ ಹಣ ಎಣಿಸಿಕೊಡುವುದು. ನಮ್ಮದು ಮೂರು ತಲೆಮಾರಿನಿಂದ ಮೆಥಡಿಸ್ಟ್ ಸಭೆಗೆ ಸೇರಿದ ಮನೆತನ. ಅಜ್ಜ ಬೀದರ್ ಕಡೆಯಿಂದ ಬಂದವರು. ಭಾನುವಾರದ ಆರಾಧನೆಯನ್ನು ನಾನು ತಪ್ಪಿಸಿದವನಲ್ಲ. ಸೋಮವಾರದ ತೂಕಕ್ಕೂ ಭಾನುವಾರಕ್ಕೂ ಏನಾದರೂ ಸಂಬಂಧ ಇದೆಯೆಂದು ಮಾತ್ರ ಬಹಳ ವರ್ಷ ನನಗೆ ಹೊಳೆದಿರಲಿಲ್ಲ.

ಅದು ಹೊಳೆದದ್ದು ಒಂದು ಜನವರಿ ಭಾನುವಾರ, ಅದೂ ಪ್ರಸಂಗದ ನಡುವೆ ನಾನು ಕೈಗಡಿಯಾರ ನೋಡಿಕೊಳ್ಳುತ್ತಿದ್ದಾಗ. ಶನಿವಾರದ ನಲವತ್ತು ಪಟ್ಟಿಗಳು ಬರೆಯದೆ ಉಳಿದಿದ್ದವು. ಅಂದಿನ ಪಾಠ ಬೈಬಲಿನ ಆಮೋಸನ ಪ್ರವಾದನೆಯ ಎಂಟನೆಯ ಅಧ್ಯಾಯವಾಗಿತ್ತು. ಆಮೋಸನು ಪ್ರವಾದಿಯ ಮಗನಲ್ಲ. ತೆಕೋವದಲ್ಲಿ ಕುರಿ ಮೇಯಿಸಿಕೊಂಡು, ಅತ್ತಿಮರಗಳನ್ನು ನೋಡಿಕೊಂಡಿದ್ದ ಮನುಷ್ಯ. ಆದ್ದರಿಂದಲೇ ಇರಬೇಕು, ಅವನಿಗೆ ಪೇಟೆಯ ಗುಟ್ಟು ಚೆನ್ನಾಗಿ ತಿಳಿದಿತ್ತು. ವಿಶ್ರಾಂತಿಯ ಸಬ್ಬತ್ ದಿನ ಯಾವಾಗ ಮುಗಿದೀತು, ಯಾವಾಗ ಧಾನ್ಯದ ವ್ಯಾಪಾರಕ್ಕೆ ಕೂತೇವು ಎಂದು ಕಾಯುವ ವರ್ತಕರನ್ನು ಅವನು ಬೈಯುತ್ತಾನೆ. ಅವರು ಧಾನ್ಯ ಅಳೆಯುವ ಕೊಳಗವನ್ನು ಕಿರಿದು ಮಾಡುತ್ತಾರೆ, ಹಣ ತೂಗುವ ಕಲ್ಲನ್ನು ಹಿರಿದು ಮಾಡುತ್ತಾರೆ, ಗೋದಿಯ ಕಸವನ್ನೂ ಮಾರುತ್ತಾರೆ. ನಾನು ಗಡಿಯಾರದ ಮೇಲಿಂದ ಕಣ್ಣು ತೆಗೆದೆ.

ನಮ್ಮ ಅಂಗಡಿಯ ವಾಡಿಕೆ ಹೀಗಿತ್ತು: ಚೀಲ ಸಮೇತ ತೂಗಿ, ಖಾಲಿ ಚೀಲದ ಲೆಕ್ಕಕ್ಕೆ ಪ್ರತಿಯೊಂದಕ್ಕೂ ಒಂದು ಕಿಲೋ ಕಳೆಯುವುದು. ಇಂಥ ಕಡಿತಕ್ಕೆ ಕಾನೂನಿನಲ್ಲಿ ಅವಕಾಶವಿಲ್ಲವೆಂಬುದು ಗಂಜಿನಲ್ಲಿ ಎಲ್ಲರಿಗೂ ಗೊತ್ತು, ಎಲ್ಲರೂ ಮರೆತಿರುತ್ತಾರೆ. ತೂಗುವಾಗ ಚೆಲ್ಲಿದ ಕಾಳನ್ನು ಗುಡಿಸಿ ಒಂದು ಮೂಲೆಗೆ ಹಾಕುತ್ತಿದ್ದೆವು. ಹಂಗಾಮು ಮುಗಿದಾಗ ಆ ರಾಶಿಯಲ್ಲಿ ಮುನೀಮನಿಗೂ ಒಂದು ಚೀಲ ಬರುತ್ತಿತ್ತು. ಅದನ್ನು ನಾನು ಕಳವು ಎಂದು ಎಂದೂ ಎಣಿಸಿರಲಿಲ್ಲ. ನನ್ನ ಕಣ್ಣಿಗೆ ಕಳವೆಂದರೆ ಬೀಗ ಮುರಿಯುವುದು.

ಆ ವರ್ಷ ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವಂಥದ್ದೇ. ಇನ್ನು ಮುಂದೆ ಈ ಕೆಟ್ಟದ್ದನ್ನು ದ್ವೇಷಿಸುತ್ತೇನೆ ಎಂದು ಮೊಣಕಾಲೂರಿ ಹರಕೆ ಮಾಡಿಕೊಂಡೆ. ಒಂಬತ್ತು ದಿನ ನಡೆಯಿತು. ಹತ್ತನೆಯ ದಿನ ಮಾಲು ಹೆಚ್ಚು ಬಂತು, ಹಮಾಲರು ಅವಸರ ಮಾಡಿದರು, ನಾನು ಕೈ ಹೋದಂತೆ ಹಳೆಯ ಲೆಕ್ಕವನ್ನೇ ಬರೆದೆ. ಮರುದಿನ ಅದರ ಮೇಲೆ ಸಿಟ್ಟು ಬಂತು, ಅದರ ಮರುದಿನ ಅದೂ ಬರಲಿಲ್ಲ. ದ್ವೇಷವೆಂಬುದು ಹುಲ್ಲಿನ ಬೆಂಕಿಯಂತೆ. ಏಳುವಾಗ ಎತ್ತರಕ್ಕೆ ಏಳುತ್ತದೆ, ಅಡುಗೆಯಾಗುವವರೆಗೆ ನಿಲ್ಲುವುದಿಲ್ಲ.

ಆಮೋಸನ ಐದನೆಯ ಅಧ್ಯಾಯಕ್ಕೆ ಮರಳಿ ಹೋದಾಗ ಒಂದು ಸಣ್ಣ ವಿಷಯ ಕಂಡಿತು. ಕೆಟ್ಟದ್ದನ್ನು ದ್ವೇಷಿಸಿ ಒಳ್ಳೆಯದನ್ನು ಪ್ರೀತಿಸಿರಿ ಎಂಬ ಹದಿನೈದನೆಯ ವಚನವನ್ನು ನಾವು ಬಾಯಿಪಾಠ ಮಾಡಿರುತ್ತೇವೆ. ಅದರ ಹಿಂದಿನ ವಚನದಲ್ಲಿ ಒಳ್ಳೆಯದನ್ನು ಹುಡುಕುವ ಮಾತು ಮೊದಲು ಬರುತ್ತದೆ, ಕೆಟ್ಟದ್ದರ ಮಾತು ಆಮೇಲೆ. ಪೌಲನು ರೋಮಾಪುರದವರಿಗೆ ಬರೆದ ಪತ್ರದ ಹನ್ನೆರಡನೆಯ ಅಧ್ಯಾಯದಲ್ಲಿಯೂ ಒಳ್ಳೆಯದಕ್ಕೆ ಅಂಟಿಕೊಳ್ಳುವ ಮಾತಿದೆ. ಅಲ್ಲಿರುವ ಗ್ರೀಕ್ ಪದ ಗೋಂದು ಹಚ್ಚಿ ಕೂಡಿಸುವುದನ್ನು ಹೇಳುವಂಥದ್ದು, ಗಂಡನು ಹೆಂಡತಿಯನ್ನು ಸೇರಿಕೊಳ್ಳುವುದಕ್ಕೂ ಸುವಾರ್ತೆಯಲ್ಲಿ ಅದೇ ಜಾತಿಯ ಪದ ಬಂದಿದೆ ಎಂದು ನಮ್ಮ ಸಭಾಪಾಲಕರು ಒಮ್ಮೆ ತಿಳಿಸಿದ್ದರು. ನಾನು ಒಳ್ಳೆಯದಕ್ಕೆ ಅಂಟಿಕೊಂಡಿರಲೇ ಇಲ್ಲ. ಸರಿಯಾದ ತೂಕ ಎಷ್ಟು ಎಂಬುದೇ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಪ್ರೀತಿಸುವುದು ಹೇಗೆ?

ಹೀಗೆ ಒಂದು ಮಧ್ಯಾಹ್ನ, ಅಂಗಡಿಯ ಒಡೆಯರಾದ ಸಾವಕಾರರು ಊಟಕ್ಕೆ ಹೋದ ಹೊತ್ತಿನಲ್ಲಿ, ಹತ್ತು ಖಾಲಿ ಗೋಣಿಚೀಲ ಆರಿಸಿ ಒಂದೊಂದನ್ನೇ ತೂಕದ ಕಾಂಟಾದ ಮೇಲಿಟ್ಟೆ. ಯಾವುದೂ ಆರುನೂರು ಗ್ರಾಂ ದಾಟಲಿಲ್ಲ. ಹಳೆಯ, ತೇಪೆ ಹಾಕಿದ ಒಂದು ಮಾತ್ರ ಹತ್ತಿರ ಬಂತು. ಪ್ಲಾಸ್ಟಿಕ್ ಚೀಲವನ್ನು ಇಟ್ಟರೆ ನೂರಾ ಇಪ್ಪತ್ತರ ಆಸುಪಾಸಿನಲ್ಲಿ ಅಂಕಿ ನಿಂತಿತು. ಧರ್ಮೋಪದೇಶಕಾಂಡದಲ್ಲಿ, ನಿನ್ನ ಚೀಲದಲ್ಲಿ ದೊಡ್ಡದೊಂದು ಚಿಕ್ಕದೊಂದು ಎಂದು ಎರಡು ಬಗೆಯ ತೂಕದ ಕಲ್ಲು ಇರಬಾರದು ಎಂಬ ಆಜ್ಞೆ ಇದೆ. ನಮ್ಮಲ್ಲಿ ಕಲ್ಲಿಲ್ಲ, ಎಲ್ಲವೂ ಎಲೆಕ್ಟ್ರಾನಿಕ್. ಆದರೆ ಎರಡನೆಯ ಕಲ್ಲು ನನ್ನ ಪೆನ್ನಿನೊಳಗೆ ಇತ್ತು. ಗೋಣಿಚೀಲಕ್ಕೆ ನಾನೂರು ಗ್ರಾಂ ಹೆಚ್ಚು ಕಳೆದರೆ ನಲವತ್ತು ಚೀಲ ತಂದ ರೈತನಿಂದ ಹದಿನಾರು ಕಿಲೋ ಹೋಯಿತು. 2023-24ರ ಬೆಂಬಲ ಬೆಲೆಯಾದ ಕ್ವಿಂಟಲಿಗೆ 7000 ರೂಪಾಯಿಯನ್ನೇ ಹಿಡಿದರೂ ಅದು 1120 ರೂಪಾಯಿ. ನೆಟೆ ರೋಗ ಬಿದ್ದು ಅರ್ಧ ಹೊಲ ಒಣಗಿದ ವರ್ಷ ಆ ಹಣ ಎಷ್ಟು ದೊಡ್ಡದೆಂದು ಗಂಜಿನಲ್ಲಿ ಕೂತವರಿಗೆ ಹೇಳಿಕೊಡಬೇಕಾಗಿಲ್ಲ.

ಒಂದು ಮಾತು ಒಪ್ಪಿಕೊಳ್ಳಬೇಕು: ಆ ಹತ್ತು ಅಂಕಿಗಳನ್ನು ಬರೆದಿಟ್ಟ ಚೀಟಿ ನನಗೆ ಸಂತೋಷ ಕೊಟ್ಟಿತು. ಮಗುವಿನ ಹಲ್ಲು ಎಣಿಸಿದ ಹಾಗೆ ಅದನ್ನು ಮತ್ತೆ ಮತ್ತೆ ತೆಗೆದು ನೋಡುತ್ತಿದ್ದೆ. ಹರಕೆ ಒಂಬತ್ತು ದಿನ ಬಾಳಿತ್ತು. ಈ ಚೀಟಿಯ ರುಚಿ ಮಾತ್ರ ಹೋಗಲಿಲ್ಲ. ಅದು ಹತ್ತಿದ ಮೇಲೆ ಹಳೆಯ ಲೆಕ್ಕ ಬರೆಯುವಾಗ ಕೈಗೆ ಹೇಸಿಗೆಯಾಗತೊಡಗಿತು, ನಾನು ಪ್ರಯತ್ನಿಸದೆಯೇ.

ಚೀಟಿಯನ್ನು ಸಾವಕಾರರ ಮುಂದಿಟ್ಟೆ. ಅವರು ಓದಿ, ಮಡಿಸಿ, ಗಲ್ಲಾದ ಕೆಳಗಿಟ್ಟು, "ಎಲ್ಲಾ ಅಂಗಡ್ಯಾಗ ಹಿಂಗೇ ನಡೀತದ. ನಾ ಒಬ್ಬ ಬಿಟ್ರ ನನ್ನ ಅಂಗಡಿ ಬಿಡಬೇಕಾಗ್ತದ" ಎಂದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಖರೀದಿದಾರರೂ ತಮ್ಮ ಕಡೆಯಿಂದ ತೂಕ ಕೊರೆಯುತ್ತಾರೆ. ರೈತರಲ್ಲಿಯೂ ಹಸಿ ಕಾಳು ಕೆಳಗೆ ಹಾಕಿ ಒಣ ಕಾಳು ಮೇಲೆ ತೋರಿಸುವವರಿದ್ದಾರೆ. ಆಮೋಸನು ಹೇಳಿದ ಕಸ ಒಂದೇ ಕಡೆಯ ಅಂಗಡಿಯಲ್ಲಿ ಮಾರಾಟವಾಗುವುದಿಲ್ಲ.

ಇಲ್ಲಿಯೇ ನಾನು ದೊಡ್ಡ ತಪ್ಪು ಮಾಡಿದೆ, ಅದು ತೂಕದ ತಪ್ಪಿಗಿಂತ ಕೆಟ್ಟದ್ದು. ಕೆಟ್ಟದ್ದನ್ನು ದ್ವೇಷಿಸುತ್ತಿದ್ದೇನೆಂದು ತಿಳಿದು ಮನುಷ್ಯನನ್ನು ದ್ವೇಷಿಸತೊಡಗಿದೆ. ಸಾವಕಾರರ ನಗು, ಅವರ ಎಲೆ ಅಡಿಕೆಯ ಡಬ್ಬಿ, ಅವರು ಬೆಳಿಗ್ಗೆ ಗಲ್ಲಾಕ್ಕೆ ಊದುಬತ್ತಿ ಹಚ್ಚುವ ರೀತಿ ಎಲ್ಲವೂ ನನಗೆ ಕಪಟವಾಗಿ ಕಂಡವು. ಒಳಗೊಳಗೆ ನಾನು ಎತ್ತರದಲ್ಲಿ ಕೂತಿದ್ದೆ. ಸಭಾಪಾಲಕರ ಬಳಿ ಹೋಗಿ ಸಾವಕಾರರ ವಿಷಯವನ್ನು ಅರ್ಧ ಗಂಟೆ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: ಅವರ ಹೆಸರು ಹಿಡಿದು ಎಷ್ಟು ದಿನ ಪ್ರಾರ್ಥಿಸಿದ್ದೀರಿ? ನಾನು ಪ್ರಾರ್ಥಿಸಿದ್ದೆ, ಆದರೆ ಅವರ ವಿರುದ್ಧ. ಪೌಲನ ಅದೇ ಹನ್ನೆರಡನೆಯ ಅಧ್ಯಾಯ ಕೆಟ್ಟತನಕ್ಕೆ ಹೇಸಿಕೊಳ್ಳಿರೆಂದು ಹೇಳಿ, ಹಿಂಸಿಸುವವರನ್ನು ಆಶೀರ್ವದಿಸಿರೆಂದು ಮುಂದುವರಿದು, ಹಸಿದ ವೈರಿಗೆ ಊಟ ಬಡಿಸುವಲ್ಲಿಗೆ ಬಂದು ಮುಟ್ಟುತ್ತದೆ; ನಾನು ಮೊದಲನೆಯದನ್ನು ಓದಿ ಪುಸ್ತಕ ಮುಚ್ಚಿದ್ದೆ. ಸಾವಕಾರರ ತಾಯಿ ಆಸ್ಪತ್ರೆಯಲ್ಲಿದ್ದಾಗ ಎರಡು ರಾತ್ರಿ ನಾನು ಹೋಗಿ ಕೂತೆ. ಮೊದಲ ರಾತ್ರಿ ಕರ್ತವ್ಯಕ್ಕೆ ಕೂತೆ. ಎರಡನೆಯ ರಾತ್ರಿ ಆ ಮುದುಕಿ ನನ್ನನ್ನು ಮಗನೆಂದು ತಿಳಿದು ನೀರು ಕೇಳಿದರು, ಕುಡಿಸಿದೆ. ಆಮೇಲೆ ಆ ಡಬ್ಬಿಯ ಮೇಲೆ ಸಿಟ್ಟು ಬರಲಿಲ್ಲ.

ಹಿಂದಿನದರ ಲೆಕ್ಕ ಉಳಿದಿತ್ತು. ಅದನ್ನು ಎತ್ತಿದವಳು ನನ್ನ ಹೆಂಡತಿ. ಒಂದು ದಿನ, ಗುಡಿಸಿದ ರಾಶಿಯಿಂದ ನನ್ನ ಪಾಲಿಗೆ ಬಂದ ಚೀಲದ ಬೇಳೆ ಹಸನು ಮಾಡುತ್ತಾ, ಮೊರದಲ್ಲಿ ಕಾಳನ್ನು ಒಂದು ಬದಿಗೆ ಸರಿಸಿ, "ಇದು ಯಾರ ಹೊಲದ್ದರಿ?" ಎಂದು ಕೇಳಿದಳು. ಅವಳಿಗೆ ಬೇರೆ ಅರ್ಥವಿರಲಿಲ್ಲ, ಕಾಳು ದಪ್ಪಗಿದ್ದುದಕ್ಕೆ ಕೇಳಿದ್ದಳು. 2019ರಲ್ಲಿ ಕಲಬುರಗಿಯ ತೊಗರಿಬೇಳೆಗೆ ಭೌಗೋಳಿಕ ಗುರುತು ಸಿಕ್ಕಾಗ ಗಂಜಿನಲ್ಲಿ ನಾವೆಲ್ಲ ಹೆಮ್ಮೆಪಟ್ಟಿದ್ದೆವು. ಆ ಹೆಸರುವಾಸಿ ಬೇಳೆಯ ಒಂದು ಚೀಲ ಯಾರ ಹೊಲದ್ದೆಂದು ಹೇಳಲು ನನ್ನಲ್ಲಿ ಉತ್ತರವಿರಲಿಲ್ಲ.

ಯಾಜಕಕಾಂಡದ ಆರನೆಯ ಅಧ್ಯಾಯ ಈ ವಿಷಯದಲ್ಲಿ ಬಹಳ ಖಚಿತವಾಗಿದೆ: ಮೋಸದಿಂದ ಬಂದದ್ದನ್ನು ಪೂರ್ತಿ ಹಿಂದಿರುಗಿಸಿ, ಅದರ ಐದನೆಯ ಒಂದು ಪಾಲನ್ನು ಕೂಡಿಸಿ ಕೊಡಬೇಕು, ಯಜ್ಞದ ಮಾತು ಆಮೇಲೆ. ಸುವಾರ್ತೆಯಲ್ಲಿ ಬರುವ ಸುಂಕ ವಸೂಲಿಯ ಜಕ್ಕಾಯನು ನಾಲ್ಕರಷ್ಟು ಕೊಡುತ್ತೇನೆಂದ. ನನಗೆ ಅಷ್ಟು ಧೈರ್ಯವಿರಲಿಲ್ಲ, ಐದನೆಯ ಪಾಲೇ ಸಾಕೆಂದುಕೊಂಡೆ. ಆರು ಹಂಗಾಮಿನ ಆರು ಚೀಲ, ಐವತ್ತು ಕಿಲೋದಂತೆ ಮುನ್ನೂರು ಕಿಲೋ, 21,000 ರೂಪಾಯಿ, ಮೇಲೆ 4200. ಹಳೆಯ ಡೈರಿಗಳಿಂದ ಹೆಸರು, ಊರು ಸ್ಪಷ್ಟವಾಗಿ ಸಿಕ್ಕ ಮೂವರ ಬಳಿ ಮೊದಲು ಹೋದೆ. ಒಬ್ಬರು ತೀರಿಕೊಂಡಿದ್ದರು, ಮಗ ಹಣ ತೆಗೆದುಕೊಂಡು ಚಹಾ ಕುಡಿಸಿದ. ಇನ್ನೊಬ್ಬರು ಎಷ್ಟು ಹೇಳಿದರೂ ಮುಟ್ಟಲಿಲ್ಲ. ನಾನು ಯಾವುದೋ ಕೇಸಿನಲ್ಲಿ ಸಿಕ್ಕಿಸಲು ಬಂದಿದ್ದೇನೆಂದು ಅವರಿಗೆ ಅನುಮಾನ.

ಮೂರನೆಯವರು ಆಳಂದ ಕಡೆಯ ಹಿರಿಯರು. ಕಟ್ಟೆಯ ಮೇಲೆ ಕೂತು ಹಣವನ್ನು ಎರಡು ಸಲ ಎಣಿಸಿ, ಟೊಪ್ಪಿಗೆಯ ಕೆಳಗಿಟ್ಟು, "ಮುನೀಮರೇ, ಆವತ್ತು ನಾ ಕೇಳಿದ್ದೆ, ನೆನಪದ ಏನ್ರಿ? ಒಂದು ಕಿಲೋ ಯಾಕ್ ಕಳೀತೀರಿ ಅಂದಿದ್ದೆ. ನೀವು ತಲಿ ಎತ್ತಿ ಸುದಾ ನೋಡಿರಲಿಲ್ಲ" ಎಂದರು. ನನಗೆ ನೆನಪಿರಲಿಲ್ಲ. ಅವರು ಕ್ಷಮಿಸಿದೆ ಎನ್ನಲಿಲ್ಲ, ನಾನೂ ಕೇಳುವ ಧೈರ್ಯ ಮಾಡಲಿಲ್ಲ. ಬಸ್ಸಿನ ತನಕ ಬಂದು ಬಿಟ್ಟು ಹೋದರು.

ಉಳಿದ ಹಣದ ಒಡೆಯರು ಯಾರೆಂದು ಹುಡುಕಲಾಗಲಿಲ್ಲ. ಹಣ ಪಡೆಯಲು ಬಂಧು ಇಲ್ಲದಿದ್ದರೆ ಅದು ಕರ್ತನಿಗೆ ಸಲ್ಲಬೇಕೆಂದು ಅರಣ್ಯಕಾಂಡ ಹೇಳುತ್ತದೆ. ಹೆಸರು ಬರೆಯದ ಲಕೋಟೆಯಲ್ಲಿ ಎರಡು ವರ್ಷ ಕಾಣಿಕೆಗೆ ಹಾಕಿದೆ. ಸ್ತೋತ್ರ ಕಾಣಿಕೆಯೆಂದು ಹೆಸರು ಓದಿಸಿಕೊಂಡಿದ್ದರೆ ಕದ್ದ ಬೇಳೆಗೆ ಚಪ್ಪಾಳೆ ಹೊಡೆಸಿಕೊಂಡ ಹಾಗಾಗುತ್ತಿತ್ತು.

ಇದನ್ನು ಒಬ್ಬನೇ ಇಟ್ಟುಕೊಂಡರೆ ಮತ್ತೆ ಒಂಬತ್ತು ದಿನದ ಹರಕೆಯಾದೀತೆಂಬ ಭಯ ನನಗಿತ್ತು. ಮೆಥಡಿಸ್ಟ್ ಪಂಥದ ಮೂಲಪುರುಷರಾದ ಜಾನ್ ವೆಸ್ಲಿಯವರು 1743ರಲ್ಲಿ ತಮ್ಮ ಸಂಘಗಳಿಗೆ ಪ್ರಕಟಿಸಿದ ಸಾಮಾನ್ಯ ನಿಯಮಗಳು ಮೂರು: ಕೇಡು ಮಾಡಬೇಡ, ಒಳ್ಳೆಯದನ್ನು ಮಾಡು, ದೇವರ ವಿಧಿಗಳನ್ನು ಪಾಲಿಸು. ಕೇಡಿನ ಪಟ್ಟಿಯಲ್ಲಿ ಕೊಳ್ಳುವಾಗ ಮಾರುವಾಗ ಬಹಳ ಮಾತಾಡುವುದೂ ಸೇರಿದೆ ಎಂದು ಓದಿ ನನಗೆ ನಗು ಬಂತು; ಅವರು ನಮ್ಮ ಗಂಜಿಗೆ ಬಂದಿದ್ದರೆ ಏನು ಹೇಳುತ್ತಿದ್ದರೋ. ಅವರ ಕಾಲದ ಸಣ್ಣ ಗುಂಪುಗಳು 1742ರಲ್ಲಿ ಬ್ರಿಸ್ಟಲ್‌ನಲ್ಲಿ ಹುಟ್ಟಿದ್ದು ಪ್ರಾರ್ಥನಾಲಯದ ಸಾಲ ತೀರಿಸುವುದಕ್ಕೆ: ಹನ್ನೆರಡು ಜನರಿಗೆ ಒಬ್ಬ ನಾಯಕ, ವಾರಕ್ಕೊಂದು ಪೆನ್ನಿ. ಹಣ ಕೇಳಲು ಮನೆಗೆ ಹೋದವರು ಮನೆಯ ಸ್ಥಿತಿ ಕಂಡರು, ಹಾಗೆ ಆತ್ಮದ ವಿಚಾರಣೆ ಶುರುವಾಯಿತು. ನಮ್ಮಲ್ಲಿ ಮೂವರು ಸೇರಿ ಅದನ್ನೇ ಚಿಕ್ಕದಾಗಿ ಮಾಡುತ್ತೇವೆ: ನಾನು, ಒಬ್ಬ ಶಾಲಾ ಶಿಕ್ಷಕ, ಒಬ್ಬ ಆಟೋ ಓಡಿಸುವವರು. ಶನಿವಾರ ಸಂಜೆ ಒಂದೇ ಪ್ರಶ್ನೆ, ಈ ವಾರ ನಿನ್ನ ಕೈಯಿಂದ ಯಾರಿಗೆ ಕಡಿಮೆ ಬಿತ್ತು. ಕೈ ಎಂಬ ಪದವನ್ನು ನಾವು ಬೇಕೆಂದೇ ಇಟ್ಟಿದ್ದೇವೆ; ಮನಸ್ಸು ಎಂದರೆ ಮಾತು ಗಾಳಿಗೆ ಹೋಗುತ್ತದೆ. ಶಿಕ್ಷಕರು ಒಂದು ವಾರ, ಹಿಂದಿನ ಬೆಂಚಿನ ಹುಡುಗನ ನೋಟುಪುಸ್ತಕವನ್ನು ಓದದೆ ಅಂಕ ಹಾಕಿದ್ದನ್ನು ಹೇಳಿದರು. ಕೆಲವು ವಾರ ನಾವು ಸುಳ್ಳನ್ನೂ ಹೇಳಿದ್ದೇವೆ, ಆಮೇಲೆ ಅದನ್ನೂ ಹೇಳಿದ್ದೇವೆ.

ಅಂಗಡಿಯ ವಾಡಿಕೆ ಪೂರ್ತಿ ಬದಲಾಗಿಲ್ಲ. ಪ್ಲಾಸ್ಟಿಕ್ ಚೀಲಕ್ಕೆ ಅದರ ತೂಕವನ್ನೇ ಕಳೆಯಲು ಸಾವಕಾರರು ಒಪ್ಪಿದರು. ಗೋಣಿಚೀಲಕ್ಕೆ ಏಳುನೂರು ಗ್ರಾಂ ಎಂದು ಮಾಡಿದರು, ಅಂದರೆ ನೂರು ಗ್ರಾಂ ಇನ್ನೂ ಉಳಿದಿದೆ. ಆ ನೂರು ಗ್ರಾಂ ಬರೆಯಲಾರೆನೆಂದು ಹೇಳಿದ್ದರಿಂದ ಗೋಣಿಚೀಲದ ಪಟ್ಟಿಗಳನ್ನು ಈಗ ಇನ್ನೊಬ್ಬ ಹುಡುಗ ಬರೆಯುತ್ತಾನೆ, ನನ್ನ ಸಂಬಳದಲ್ಲಿ ಅಷ್ಟು ಕಡಿಮೆಯಾಗಿದೆ. ನನ್ನ ಕೈ ತೊಳೆದುಕೊಂಡೆನೇ ಹೊರತು ರೈತನ ನೂರು ಗ್ರಾಂ ಉಳಿಯಲಿಲ್ಲವಲ್ಲ ಎಂದು ಆಟೋದವರು ಕೇಳಿದರು. ಅದಕ್ಕೆ ನಾನಿನ್ನೂ ಉತ್ತರ ಕೊಟ್ಟಿಲ್ಲ. ಈ ಹಂಗಾಮಿಗೆ ಮುಂಚೆ ಚೀಟಿಯನ್ನು ಮತ್ತೊಮ್ಮೆ ಸಾವಕಾರರ ಮುಂದಿಡಬೇಕಾಗಿದೆ.

ಚೆಲ್ಲಿದ ಕಾಳನ್ನು ಮಾತ್ರ ಈಗ ಗುಡಿಸಿ ಅದೇ ರೈತನ ಕೊನೆಯ ಚೀಲಕ್ಕೆ ಸುರಿಯುತ್ತೇವೆ. ಕಾಂಟಾದ ಅಂಕಿ ಕಾಣುವ ಡಬ್ಬಿ ಮೊದಲು ನನ್ನ ಮೇಜಿನ ಕಡೆಗಿತ್ತು, ಅದನ್ನು ಹೊರಕ್ಕೆ ತಿರುಗಿಸಿ ಇಟ್ಟಿದ್ದೇನೆ. ಕಳೆದ ಜನವರಿಯಲ್ಲಿ ಅಪ್ಪನ ಜೊತೆ ಬಂದ ಒಬ್ಬ ಹುಡುಗ, ನಾಲ್ಕನೆಯ ಇಯತ್ತೆಯವನಿರಬೇಕು, ಪ್ರತಿ ಚೀಲ ಏರಿದಾಗಲೂ ಅಂಕಿಯನ್ನು ಗಟ್ಟಿಯಾಗಿ ಓದಿದ; ನಾನು ಅವನು ಹೇಳಿದ್ದನ್ನೇ ಬರೆದುಕೊಂಡೆ.