ಅಶ್ಲೀಲ ಪ್ರಕಟಣೆಗಳ ವಿರುದ್ಧದ ಅಂತರರಾಷ್ಟ್ರೀಯ ಒಪ್ಪಂದಗಳನ್ನು ಓದುವ ಕ್ರಮ

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಕಾನೂನು ಓದುವವರು ಈ ವಿಷಯವನ್ನು ಕೈಗೆತ್ತಿಕೊಂಡಾಗ, ಮುಖ್ಯವಾಗಿ ದೇಶಗಳ ನಡುವಿನ ಮಾಹಿತಿ ವಿನಿಮಯಕ್ಕೆ ಸಂಬಂಧಿಸಿದ 1910ರ ಪ್ಯಾರಿಸ್ ಒಪ್ಪಂದವನ್ನು ಬೇಗ ಮುಗಿಸಿ, 1923ರ ಜಿನೀವಾ ಒಡಂಬಡಿಕೆಗೆ ಹೆಚ್ಚು ಸಮಯ ಕೊಡುವುದು ಒಳಿತು. ಅದರ ಮೊದಲ ವಿಧಿಯನ್ನು ಅಡಿಗೆರೆ ಎಳೆಯುತ್ತಾ ಓದಿರಿ: ವ್ಯಾಪಾರಕ್ಕಾಗಿ ತಯಾರಿಸುವುದು, ಇಟ್ಟುಕೊಳ್ಳುವುದು, ಆಮದು ಅಥವಾ ರಫ್ತು ಮಾಡುವುದು, ಜಾಹೀರಾತು ನೀಡುವುದು ಎಲ್ಲವೂ ಅಪರಾಧಗಳೇ, ಆದರೆ ಅಶ್ಲೀಲವೆಂದರೆ ಏನೆಂಬುದನ್ನು ಅದು ಹೇಳುವುದೇ ಇಲ್ಲ, ಆ ಕಷ್ಟವನ್ನು ಜಾಣತನದಿಂದ ಆಯಾ ದೇಶಕ್ಕೇ ಬಿಟ್ಟಿದೆ. ಆದ್ದರಿಂದ ಮುಂದೆ ನಮ್ಮ ಕಾನೂನನ್ನೇ ತೆರೆಯಬೇಕು. 1925ರ ತಿದ್ದುಪಡಿಯ ಮೂಲಕ ಈ ಅಂಶಗಳು ಭಾರತೀಯ ದಂಡ ಸಂಹಿತೆಯ 292ನೇ ಕಲಮಿಗೆ ಬಂದವು. ಈಗ ಅದರ ಸ್ಥಾನದಲ್ಲಿರುವುದು ಭಾರತೀಯ ನ್ಯಾಯ ಸಂಹಿತೆಯ 294ನೇ ಕಲಂ. ಅದರ ವಿನಾಯಿತಿಗಳನ್ನು ಬಿಡದೆ ಓದಿರಿ: ಸೋಮನಾಥಪುರದಂಥ ಸಂರಕ್ಷಿತ ದೇಗುಲಗಳ ಶಿಲ್ಪಗಳು ಇದರ ವ್ಯಾಪ್ತಿಗೆ ಬರುವುದಿಲ್ಲ.