ಗಾಡಿ ಛಲೋ ಓಡಿದರೆ ಅಂಜಬೇಕು: ನನ್ನ 177 ಸಿಸಿ ಎಲ್‌ಎಂಎಲ್ ಮತ್ತು ಅದರ ಕಾರ್ಬ್

ಸಾತಾರಾದಿಂದ ಪುಣೆಗೆ ವಾಪಸಾಗುವಾಗ ನನ್ನ ಎಲ್‌ಎಂಎಲ್ ಎನ್‌ವಿ ಸ್ಕೂಟರ್ ಅದುವರೆಗೆ ಎಂದೂ ಓಡದಷ್ಟು ಚೆನ್ನಾಗಿ ಓಡುತ್ತಿತ್ತು. ಸ್ವಲ್ಪ ರೇಸ್ ಕೊಟ್ಟರೆ ಸಾಕು, ಹಗುರಾಗಿ ಚಿಮ್ಮುತ್ತಿತ್ತು. ಖೇಡ್ ಶಿವಾಪುರ ಇನ್ನೇನು ಬಂತು ಅನ್ನುವಾಗ ಸದ್ದು ತೆಳ್ಳಗಾಯಿತು, ಯಾರೋ ಹಿಂದಿನಿಂದ ಹಿಡಿದೆಳೆದ ಹಾಗಾಯಿತು, ಹಿಂದಿನ ಚಕ್ರ ಕಿರ್ರನೆ ನಿಂತಿತು. ಎರಡು ಬೆರಳು ಸದಾ ಕ್ಲಚ್ ಮೇಲೆ ಇಡುವ ಚಾಳಿ ಇದ್ದುದರಿಂದ ಬಚಾವಾದೆ. ಇಂಜಿನ್ ಸೀಜ್ ಆಗಿತ್ತು, ಅಂದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡಿತ್ತು.

ಭೋಸರಿಯಲ್ಲಿ ನಾನು ಗಾಡಿ ಬಿಚ್ಚುವುದು ಇಂಡಿ ಕಡೆಯ ಒಬ್ಬ ಮಿಸ್ತ್ರಿಯ ಶೆಡ್ಡಿನಲ್ಲಿ. ಪಿಸ್ಟನ್ನಿನ ಸೈಲೆನ್ಸರ್ ಬದಿಯಲ್ಲಿ ಉಗುರಿನಿಂದ ಕೆರೆದಂಥ ನಾಲ್ಕು ಗೀರು. ಆತ ಅದನ್ನು ಬೆಳಕಿಗೆ ಹಿಡಿದು ನೋಡಿ, "ಕೊನೀಗೆ ಗಾಡಿ ಬಾಳ ಛಲೋ ಓಡಿತ್ತೇನ್ರೀ ಸರ?" ಅಂದ. ಹೌದು ಅಂದೆ. "ಹಂಗ ಓಡಿದ್ರ ಅಂಜಬೇಕ್ರೀ. ಪೆಟ್ರೋಲ್ ಕಮ್ಮಿ ಬಿದ್ದಾಗಲೇ ಟೂ ಸ್ಟ್ರೋಕ್ ಅಷ್ಟ ಹುರುಪಿಲೆ ಓಡೂದು."

ಗಾಡಿಯ ಜಾತಕ ಮೊದಲೇ ಹೇಳಿಬಿಡುತ್ತೇನೆ. ಬಜಾಜ್‌ನ ಊರಾದ ಪುಣೆಯಲ್ಲಿ ಕಾನ್ಪುರದ ಸ್ಕೂಟರ್ ಇಟ್ಟುಕೊಂಡವನನ್ನು ಜನ ವಿಚಿತ್ರವಾಗಿ ನೋಡುತ್ತಾರೆ, ಅದಿರಲಿ. ಮೂಲ ಸಿಲಿಂಡರ್ 150 ಸಿಸಿಯದು. ಅದನ್ನು ತೆಗೆದು 63 ಮಿಮೀ ಬೋರ್‌ನದು (ಬೋರ್ ಅಂದರೆ ಸಿಲಿಂಡರಿನ ಒಳಗಿನ ಅಗಲ) ಕೂರಿಸಿದ್ದೆ. ಸ್ಟ್ರೋಕ್ (ಪಿಸ್ಟನ್ ಓಡುವ ದೂರ) ಅದೇ 57 ಮಿಮೀ, ಲೆಕ್ಕ ಹಾಕಿದರೆ 177 ಸಿಸಿ. ಸೈಲೆನ್ಸರ್ ಬೇರೆ, ಇಗ್ನಿಷನ್ ಟೈಮಿಂಗ್ 18 ಡಿಗ್ರಿಗೆ ಇಳಿಸಿದ್ದು. ಕಾರ್ಬ್, ಅಂದರೆ ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್, ಮಾತ್ರ ಹಳೆಯದೇ, ಎಸ್‌ಐ ಮಾದರಿಯ 20 ಮಿಮೀ. ಸಿಲಿಂಡರ್ ದೊಡ್ಡದು ಮಾಡಿ ಜೆಟ್ (ಪೆಟ್ರೋಲ್ ಅಳೆದು ಬಿಡುವ ತೂತಿನ ತುಂಡು) ಹಳೆಯದೇ ಬಿಟ್ಟರೆ ಪೆಟ್ರೋಲ್ ಸಾಲದೆ ಇಂಜಿನ್ ಕಾಯುತ್ತದೆ ಅನ್ನುವುದು ನನಗೂ ಗೊತ್ತಿತ್ತು, ಮುಖ್ಯ ಜೆಟ್ 100ರಿಂದ 110ಕ್ಕೆ ಏರಿಸಿಯೂ ಇದ್ದೆ. ಅಷ್ಟು ಸಾಕೆಂದುಕೊಂಡದ್ದು ತಪ್ಪು. ಈ ಸಂಖ್ಯೆ ಜೆಟ್‌ನ ತೂತಿನ ಅಳತೆ: 100 ಅಂದರೆ 1 ಮಿಮೀ, 110 ಅಂದರೆ 1.10 ಮಿಮೀ.

ಆದರೆ ಜೆಟ್ ಮುಟ್ಟುವ ಮೊದಲು ಮಿಸ್ತ್ರಿ ಗಾಳಿ ಎಲ್ಲಿಂದ ಒಳಸೋರುತ್ತಿದೆ ಎಂದು ಹುಡುಕಿಸಿದ, ಗಾಳಿ ಹೆಚ್ಚಾದರೂ ಪೆಟ್ರೋಲ್ ಕಮ್ಮಿ ಬಿದ್ದಂತೆಯೇ. ಮ್ಯಾಗ್ನೆಟ್ ಕಡೆಯ ಆಯಿಲ್ ಸೀಲ್ (ಗಾಳಿ, ಎಣ್ಣೆ ಒಳನುಗ್ಗದಂತೆ ತಡೆಯುವ ರಬ್ಬರ್ ಉಂಗುರ) ಗಟ್ಟಿಯಾಗಿ ತುಟಿ ಬಿರುಕುಬಿಟ್ಟಿತ್ತು. ಹಿಂದೆ ಬೇರೊಂದು ಗ್ಯಾರೇಜಿನಲ್ಲಿ ಕ್ಲಚ್ ಕಡೆಯದನ್ನು ಮಾತ್ರ ಬದಲಿಸಿ ಎರಡಕ್ಕೂ ದುಡ್ಡು ಎಣಿಸಿಕೊಂಡಿದ್ದರು. ಕ್ಲಚ್ ಕಡೆಯ ಸೀಲ್ ಹೋದರೆ ಗೇರ್ ಆಯಿಲ್ ಎಳೆದುಕೊಂಡು ದಟ್ಟ ಬಿಳಿ ಹೊಗೆ ಬರುತ್ತದೆ, ಕುರುಡನಿಗೂ ಗೊತ್ತಾಗುತ್ತದೆ. ಮ್ಯಾಗ್ನೆಟ್ ಕಡೆಯದು ಹೋದರೆ ಬರೀ ಗಾಳಿ ಒಳಬರುತ್ತದೆ, ಹೊಗೆಯಿಲ್ಲ, ಸುಳಿವಿಲ್ಲ. ಒಂದೇ ಗುರುತು: ರೇಸ್ ಬಿಟ್ಟ ಮೇಲೂ ಇಂಜಿನ್ ಸದ್ದು ತಕ್ಷಣ ಇಳಿಯದೆ ಮೇಲೇ ತೂಗಾಡುವುದು. ನಾನದನ್ನು ಕೇಬಲ್ ಬಿಗಿ ಅಂದುಕೊಂಡು ಎಣ್ಣೆ ಹಾಕಿದ್ದೆ.

ಎರಡನೇ ಸೋರಿಕೆ ಕಾರ್ಬ್‌ನ ಬುಡದಲ್ಲಿ. ಎರಡು ಉದ್ದ ಬೋಲ್ಟ್‌ಗಳನ್ನು ಯಾರಾದರೂ ಜೋರಾಗಿ ಬಿಗಿದರೆ ತಳ ಬಾಗುತ್ತದೆ. ಕಿಟಕಿ ಗಾಜಿನ ತುಂಡಿನ ಮೇಲೆ 400ರ ಎಮರಿ ಪೇಪರ್ ಹರಡಿ, ಎರಡು ಹನಿ ಡೀಸೆಲ್ ಬಿಟ್ಟು, ಕಾರ್ಬ್‌ನ ತಳವನ್ನು ಎಂಟರ ಆಕಾರದಲ್ಲಿ ಉಜ್ಜಿದೆ. ಮೊದಲಿಗೆ ಬೋಲ್ಟ್ ತೂತುಗಳ ಸುತ್ತ ಮಾತ್ರ ಹೊಳಪು ಬಂತು, ನಡುವೆ ಕಪ್ಪು ಹಾಗೇ ಇತ್ತು. ಇಪ್ಪತ್ತು ನಿಮಿಷ ಉಜ್ಜಿದ ಮೇಲೆ ಇಡೀ ತಳ ಒಂದೇ ಬಣ್ಣಕ್ಕೆ ತಿರುಗಿತು. ಹೊಸ ಪ್ಯಾಕಿಂಗ್, ಹದವಾದ ಬಿಗಿ. ಅರ್ಧ ಕಾಯಿಲೆ ಇಲ್ಲಿಗೇ ಹೋಯಿತು. ಇದನ್ನು ಮಾಡದೆ ಜೆಟ್ ಬದಲಿಸುತ್ತ ಕೂತರೆ ಸೋರುವ ಕೊಡಕ್ಕೆ ನೀರು ಸುರಿದ ಹಾಗೆ.

ಆರ್‌ಎಕ್ಸ್ 100 ಬೈಕ್ ಬಿಚ್ಚಿ ಅಭ್ಯಾಸವಿರುವವರು ಈ ಕಾರ್ಬ್‌ನಲ್ಲಿ ಪೆಟ್ರೋಲ್ ಹೆಚ್ಚು ಕಡಿಮೆ ಮಾಡುವ ಸೂಜಿ ಹುಡುಕುತ್ತಾರೆ, ಕ್ಲಿಪ್ ಮೇಲೆ ಕೆಳಗೆ ಮಾಡೋಣವೆಂದು. ಇದರಲ್ಲಿ ಸೂಜಿಯೇ ಇಲ್ಲ. ಚಪ್ಪಟೆ ಸ್ಲೈಡ್, ಐಡಲ್ ಜೆಟ್ (ಕಡಿಮೆ ರೇಸ್‌ನಲ್ಲಿ ಪೆಟ್ರೋಲ್ ಬಿಡುವುದು), ಆಮೇಲೆ ಒಂದರ ಮೇಲೊಂದು ಕೂತ ಮೂರು ತುಂಡು: ಮೇಲೆ ಗಾಳಿಯ ಜೆಟ್, ನಡುವೆ ತೂತುತೂತಿನ ಕೊಳವೆ, ಕೆಳಗೆ ಮುಖ್ಯ ಜೆಟ್. ನನ್ನದರಲ್ಲಿ ಮೇಲಿನದು 160, ನಡುವಿನದು ಬಿಇ3. ಅವೆರಡನ್ನೂ ಮುಟ್ಟಲಿಲ್ಲ.

ಐಡಲ್ ಜೆಟ್‌ನಲ್ಲಿ ಮೋಸ ಹೋದೆ. ಇದರ ಮೇಲೆ ಎರಡು ಸಂಖ್ಯೆ ಇರುತ್ತವೆ, ಮೊದಲನೆಯದು ಪೆಟ್ರೋಲಿನದು, ಎರಡನೆಯದು ಗಾಳಿಯದು. ನನ್ನದು 45/140 ಇತ್ತು. ಪುಣೆಯ ನಾನಾ ಪೇಠೆಯಲ್ಲಿ 48/160 ಸಿಕ್ಕಿತು, 45ಕ್ಕಿಂತ 48 ದೊಡ್ಡದು, ಪೆಟ್ರೋಲ್ ಜಾಸ್ತಿ ಬೀಳುತ್ತದೆ ಅಂತ ಖುಷಿಯಲ್ಲಿ ಹಾಕಿದೆ. ಸಿಗ್ನಲ್‌ನಿಂದ ಹೊರಡುವಾಗ ಗಾಡಿ ಇನ್ನಷ್ಟು ತಡವರಿಸಿತು. ರಾತ್ರಿ ಊಟಕ್ಕೆ ಕೂತಾಗ ಭಾಗಿಸಿ ನೋಡಿದೆ: 140ನ್ನು 45ರಿಂದ ಭಾಗಿಸಿದರೆ 3.11, 160ನ್ನು 48ರಿಂದ ಭಾಗಿಸಿದರೆ 3.33. ಅಂದರೆ ಪೆಟ್ರೋಲಿನ ಪಾಲಿಗೆ ಹೋಲಿಸಿದರೆ ಗಾಳಿಯೇ ಹೆಚ್ಚಾಗಿತ್ತು! ಕೊನೆಗೆ 50/120 ಹಾಕಿ, ಕಾರ್ಬ್‌ನ ಹಿಂಬದಿಯ ಮಿಕ್ಸ್ಚರ್ ಸ್ಕ್ರೂವನ್ನು ಪೂರ್ತಿ ಒಳಗೆ ತಿರುಗಿಸಿ ಒಂದೂವರೆ ಸುತ್ತು ಹೊರಗೆ ತಂದೆ. ಈ ಕಾರ್ಬ್‌ನಲ್ಲಿ ಸ್ಕ್ರೂ ಹೊರಗೆ ಬಂದಷ್ಟೂ ಪೆಟ್ರೋಲ್ ಹೆಚ್ಚು. "ಮೈಲೇಜ್ ಸೆಟ್ಟಿಂಗ್" ಅಂತ ಅದನ್ನು ಒಳಗೊತ್ತುವ ಮೆಕ್ಯಾನಿಕ್ಕುಗಳಿಗೆ ಗಾಡಿ ಕೊಡುವುದನ್ನು ಅಂದೇ ನಿಲ್ಲಿಸಿದೆ.

ಮುಖ್ಯ ಜೆಟ್ ಪರೀಕ್ಷಿಸಲು ಪುಣೆ ಹತ್ತಿರದ ದಿವೆ ಘಾಟ್‌ಗೆ ಹೋದೆ. ಭಾನುವಾರ ಬೆಳಗಿನ ಐದೂವರೆಗೆ ಲಾರಿಗಳು ಕಡಿಮೆ. ದೊಡ್ಡ ಜೆಟ್‌ನಿಂದ ಚಿಕ್ಕದಕ್ಕೆ ಇಳಿದು ನೋಡಬೇಕೆಂದು 120ರಿಂದ ಶುರು ಮಾಡಿದೆ. ಮೂರನೇ ಗೇರಿನಲ್ಲಿ ಪೂರ್ತಿ ರೇಸ್ ಕೊಟ್ಟು ಏರು ಹತ್ತಿಸಿದರೆ ಸದ್ದು ಒಂದೇ ಎಳೆಯಾಗಿ ಬರದೆ ಬುರ್ ಬುರ್ ಎಂದು ಒಡೆಯುತ್ತಿತ್ತು, ಇಂಜಿನ್ ಒಂದು ಸುತ್ತು ಬಿಟ್ಟು ಒಂದು ಸುತ್ತು ಉರಿದ ಹಾಗೆ. ಪೆಟ್ರೋಲ್ ಜಾಸ್ತಿ. 118ಕ್ಕೆ ಕಡಿಮೆಯಾಯಿತು, ತುದಿಯಲ್ಲಿ ಮಾತ್ರ ಉಳಿಯಿತು. 116ಕ್ಕೆ ಎಳೆ ಬಿಡಿಸಿಕೊಂಡು ಶುದ್ಧವಾಗಿ ಕೂಗಿತು. ಆಗ ಹೊಸ ಪ್ಲಗ್ ಹಾಕಿ, ಅದೇ ಏರಿನಲ್ಲಿ ಪೂರ್ತಿ ರೇಸ್‌ನಲ್ಲಿರುವಾಗಲೇ ಕ್ಲಚ್ ಹಿಡಿದು ಕೀ ತಿರುಗಿಸಿ ಆಫ್ ಮಾಡಿ, ಬದಿಗೆ ಉರುಳಿಸಿದೆ. ಐಡಲ್ ಆಗಲು ಬಿಟ್ಟರೆ ಪ್ಲಗ್ಗಿನ ಬಣ್ಣ ಸುಳ್ಳು ಹೇಳುತ್ತದೆ. ಪಿಂಗಾಣಿಯ ತುದಿಯಲ್ಲಲ್ಲ, ಬುಡದಲ್ಲಿ ಟಾರ್ಚ್ ಬಿಟ್ಟು ನೋಡಬೇಕು. ಚಹಾದ ಬಣ್ಣದ ಸಣ್ಣ ಉಂಗುರ ಕಂಡಿತು. ಆಸೆಗೆ ಬಿದ್ದು 114 ಹಾಕಿ ನೋಡಿದೆ. ಗಾಡಿ ಮತ್ತೂ ಹುರುಪಾಯಿತು, ಪಿಂಗಾಣಿ ಬಿಳುಚಿತ್ತು. ಮಿಸ್ತ್ರಿಯ ಮಾತು ನೆನಪಾಗಿ ಅಲ್ಲೇ 116ಕ್ಕೆ ಮರಳಿದೆ. ಇದು ನನ್ನ ಸೈಲೆನ್ಸರ್, ನನ್ನ ಗಾಡಿಯ ಲೆಕ್ಕ. ನಿಮ್ಮದಕ್ಕೆ ಇದೇ ಸಂಖ್ಯೆ ಹೊಂದಬೇಕೆಂದಿಲ್ಲ.

ಇನ್ನೆರಡು ವಿಷಯ ಬೇಗ ಹೇಳುತ್ತೇನೆ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಇದೆ. ಅಷ್ಟೇ ಗಾಳಿಗೆ ಹಳೆಯ ಪೆಟ್ರೋಲಿಗಿಂತ ಇದು ಹೆಚ್ಚು ಬೇಕು, ಹಾಗಾಗಿ ಹಳೆಯ ಕಾಲದವರು ಹೇಳುವ ಜೆಟ್ ಸಂಖ್ಯೆಯನ್ನು ಕಣ್ಮುಚ್ಚಿ ನಂಬಬೇಡಿ. ಇನ್ನು ಭದ್ರತೆಗೆಂದು ಆಯಿಲ್ ಜಾಸ್ತಿ ಬೆರೆಸಿದರೆ ಅದೇ ತೂತಿನಲ್ಲಿ ಪೆಟ್ರೋಲಿನ ಪಾಲು ಕಮ್ಮಿಯಾಗಿ ಗಾಡಿ ಇನ್ನಷ್ಟು ಒಣಗುತ್ತದೆ. ನಾನು ಲೀಟರಿಗೆ 20 ಎಂಎಲ್ ದಾಟುವುದಿಲ್ಲ.

ಡಿಸೆಂಬರಿನಲ್ಲಿ ಬೆಳಗಾವಿಯ ಅಕ್ಕನ ಮನೆಗೆ ಹೋಗಿ, ಅಲ್ಲಿಂದ ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋದೆ. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಮೇಲಿದೆ, ಬೆಳಗಾವಿ ಇನ್ನೂ ಎತ್ತರ. ಕೆಳಗಿಳಿದಂತೆ ಗಾಳಿ ದಟ್ಟವಾಗುತ್ತದೆ, ಪೆಟ್ರೋಲ್ ಸಾಲದಾಗುತ್ತದೆ. ಅದರ ಮೇಲೆ ಇಳಿಜಾರಿನಲ್ಲಿ ರೇಸ್ ಪೂರ್ತಿ ಬಿಟ್ಟು ಗೇರಿನಲ್ಲೇ ಇಳಿದರೆ ಪೆಟ್ರೋಲೂ ಇಲ್ಲ, ಅದರ ಜೊತೆ ಬರಬೇಕಾದ ಆಯಿಲೂ ಇಲ್ಲ. ನಡುನಡುವೆ ಕ್ಲಚ್ ಹಿಡಿದು ಒಂದು ಸಲ ರೇಸ್ ಕೊಡುತ್ತ ಇಳಿದೆ. ಘಾಟಿನ ಬುಡದ ಕೇರಿ ಎಂಬ ಊರಿನಲ್ಲಿ ಚಹಾದಂಗಡಿ ಎದುರು ನಿಲ್ಲಿಸಿ, ಬಲಗಡೆಯ ಪ್ಯಾನೆಲ್, ಮುಚ್ಚಳ, ಏರ್ ಫಿಲ್ಟರ್ ತೆಗೆದು 118 ಹಾಕಿದೆ. ಕಾರ್ಬ್ ಬಿಚ್ಚುವ ಗೋಜಿಲ್ಲ, ಒಂದು ಸ್ಕ್ರೂಡ್ರೈವರ್ ಸಾಕು. ಅಂಗಡಿಯ ಮುದುಕಿ ಕೊಂಕಣಿಯಲ್ಲಿ ಏನೋ ಕೇಳಿದಳು, ಗಾಡಿ ಕೆಟ್ಟಿತೇ ಅಂತ ಇರಬೇಕು. ಇಲ್ಲವೆಂದು ತಲೆಯಾಡಿಸಿದೆ. ನಂಬದೆ, ಕೈ ಒರೆಸಿಕೊಳ್ಳಲು ಒಂದು ಹಳೇ ಬಟ್ಟೆ ತಂದುಕೊಟ್ಟಳು.