ಬಣ್ಣಕ್ಕೆ ಮುನ್ನ ಬೀಡಿಂಗ್ ಬಿಚ್ಚಿದ್ದು: ನನ್ನ ಅನುಭವ

ನನ್ನ 1998ರ ಮಾರುತಿ 800 ಕಾರಿಗೆ ಕೆಲವು ವರ್ಷಗಳ ಹಿಂದೆ ಬಣ್ಣ ಹೊಡೆಸಿದಾಗ, ಬಾಗಿಲುಗಳ ಬೀಡಿಂಗ್ (ಹೊರಮೈಗೆ ಅಂಟಿಸಿದ ಉದ್ದನೆಯ ಪಟ್ಟಿ) ಬಿಚ್ಚದೆ ಸುತ್ತಲೂ ಟೇಪ್ ಅಂಟಿಸಿಯೇ ಕೆಲಸ ಮುಗಿಸಿದ್ದರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಆ ಅಂಚುಗಳಿಂದಲೇ ಬಣ್ಣ ಹಪ್ಪಳದಂತೆ ಏಳತೊಡಗಿತು. ಆದ್ದರಿಂದ ಈ ಬಾರಿ ಎಲ್ಲವನ್ನೂ ನಾನೇ ಬಿಚ್ಚಿದೆ.

ಬೀಡಿಂಗ್ ನಿಂತಿದ್ದುದು ಎರಡೂ ಬದಿ ಅಂಟುವ ಟೇಪಿನ ಮೇಲೆ. ಮೊದಲು ಅವಸರಪಟ್ಟು ಸ್ಕ್ರೂಡ್ರೈವರಿನಿಂದ ಮೀಟಿದಾಗ ಒಂದು ತುದಿ ಮುರಿದು, ತಗಡಿನ ಮೇಲೆ ಉಗುರುದ್ದದ ಗೀರು ಬಿತ್ತು. ಅನಂತರ ಹೇರ್ ಡ್ರೈಯರನ್ನು ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಾ, ಕೈಗೆ ಚುರುಕ್ಕೆನ್ನುವಷ್ಟು ಬಿಸಿ ಮಾಡಿ, ಗಾಳದ ನೈಲಾನ್ ದಾರವನ್ನು ಹಿಂಬದಿಗೆ ತೂರಿಸಿ ಗರಗಸದಂತೆ ಎಳೆದಾಗ ಪಟ್ಟಿ ಸಲೀಸಾಗಿ ಬಿಟ್ಟುಕೊಂಡಿತು. ಉಳಿದ ಅಂಟನ್ನು ಬ್ಲೇಡಿನಿಂದ ಕೆರೆಯದೆ, ಮತ್ತೆ ಬಿಸಿ ಮಾಡಿ ಹೆಬ್ಬೆರಳಿನಿಂದ ಉಂಡೆಗಟ್ಟಿ ತೆಗೆದೆ. ಕೊನೆಯ ಜಿಡ್ಡನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿ, ಸೋಪಿನ ನೀರಿನಲ್ಲಿ ತೊಳೆದೆ. ಎಣ್ಣೆಯ ಪಸೆ ಉಳಿದರೆ ಹೊಸ ಬಣ್ಣ ಅಲ್ಲಿ ಹಿಡಿಯುವುದಿಲ್ಲ.

ಕಿಟಕಿಯ ಹೊರಗಿನ ರಬ್ಬರ್ ಪಟ್ಟಿಯೇ ನಿಜಕ್ಕೂ ಕಾಡಿದ್ದು. ಇಷ್ಟು ವರ್ಷದ ಬಿಸಿಲಿಗೆ ಅದು ಒಣಗಿದ ತೆಂಗಿನ ಗರಿಯಂತಾಗಿತ್ತು. ಗಾಜನ್ನು ಪೂರ್ತಿ ಇಳಿಸಿ, ಪ್ಲಾಸ್ಟಿಕ್ ಪಟ್ಟಿಯೊಂದಕ್ಕೆ ಬಟ್ಟೆ ಸುತ್ತಿ, ಒಂದು ತುದಿಯಿಂದ ಅಂಗುಲ ಅಂಗುಲವಾಗಿ ಮೇಲಕ್ಕೆ ಮೀಟಿದರೂ ಒಂದು ತುಂಡಾಯಿತು. ಹೊಸದನ್ನು ಮೊದಲೇ ತಂದಿಟ್ಟುಕೊಳ್ಳಬೇಕಿತ್ತು. ಅದರಡಿಯಲ್ಲಿ ಕಂಡ ತುಕ್ಕನ್ನು ಎಮರಿ ಪೇಪರಿನಿಂದ ಹೊಳೆಯುವ ತಗಡು ಕಾಣುವವರೆಗೆ ಉಜ್ಜಿ, ಅಂದೇ ಪ್ರೈಮರ್ ಬಳಿದೆ.

ಕಾರಿನ ಹಿಂಬದಿಯಲ್ಲಿ ಅಂಟಿಸಿದ್ದ ಹೆಸರಿನ ಅಕ್ಷರಗಳನ್ನು ಕೀಳುವ ಮುನ್ನ ಡಿಕ್ಕಿಯ ಅಂಚಿನಿಂದ ಅವುಗಳ ದೂರವನ್ನು ಅಳೆದು ಬರೆದುಕೊಂಡಿದ್ದರಿಂದ, ಬಣ್ಣದ ನಂತರ ಅವು ಸೊಟ್ಟಗಾಗದೆ ಕುಳಿತವು.